ಷಡ್ಡಕನ ಷೇರು

ಮಾರ್ಚ್ ೩, ಸೋಮವಾರ

ಅಲ್ಲದೆ, ಆ ಫ್ರಿಜ್ಜು ಕೆಟ್ಟದ್ದೇನೂ ಅಲ್ಲ. ನಿನ್ನೆ ಬರೆಯುತ್ತ ಬರೆಯುತ್ತ ಕೋಪ ಬಂದು ಅದಕ್ಕೆ ಏನೇನೋ ಅಂದುಬಿಟ್ಟೆ, ಈಗ ಬೇಜಾರಾಗುತ್ತಿದೆ. ಪಾಪ, ಅಡುಗೆಮನೆಯ ಮೂಲೆಯಲ್ಲಿ ತನ್ನ ಪಾಡಿಗೆ ಗೊರಗೊರ ಎನ್ನುತ್ತ ನಿಂತಿದೆ. ಬಾಗಿಲಿನ ರಬ್ಬರು ಸಡಿಲವಾಗಿದೆ. ಮುಚ್ಚಿದ ಮೇಲೆ ಒಂದು ಕುರ್ಚಿ ಆನಿಸಿ ಇಡಬೇಕು, ಅಷ್ಟೆ. ಹಾಲು ಕೆಡುವುದಿಲ್ಲ. ಆದರೆ ಇಷ್ಟು ದುಬಾರಿ ಫ್ರಿಜ್ಜು ಜಗತ್ತಿನಲ್ಲಿ ಇನ್ನೊಬ್ಬನ ಮನೆಯಲ್ಲಿರಲಾರದು ಎಂದು ಬರೆದದ್ದನ್ನು ಮಾತ್ರ ಹೊಡೆದುಹಾಕುವುದಿಲ್ಲ.

ನಿದ್ದೆ ಬರುವುದಿಲ್ಲ ಎಂದರೆ ಡಾಕ್ಟರು ಮಾತ್ರೆ ಕೊಡದೆ, ಮನಸ್ಸಿನಲ್ಲಿರುವುದನ್ನು ಬರೆಯಿರಿ, ಮೊದಲಿಂದ ಬರೆಯಿರಿ ಎಂದಿದ್ದಾರೆ. ಮೊದಲು ಅಂದರೆ ಇದೇ: ನಾನು ಜಿಪ್ ಕಾರ್ಖಾನೆಯಲ್ಲಿದ್ದೆ. ಪ್ಯಾಂಟಿನದು, ಚೀಲದ್ದು, ಡೇರೆಯದು, ಎಲ್ಲ ಬಗೆಯ ಜಿಪ್ಪು. ಒಂದು ವರ್ಷ ಕಂಪನಿ ನೌಕರರಿಗೆಲ್ಲ ಅಗ್ಗದಲ್ಲಿ ಷೇರು ಕೊಟ್ಟಿತು, ನಾನೂ ತೆಗೆದುಕೊಂಡೆ. ಆಮೇಲೆ ನಮ್ಮವಳು ಫ್ರಿಜ್ಜು ಬೇಕು ಎಂದಾಗ ಅಷ್ಟನ್ನೂ ಷಡ್ಡಕನಿಗೆ ಮಾರಿದೆ. ಅವಳ ತಂಗಿಯ ಗಂಡ, ಸಿಟಿ ಬಸ್ಸಿನ ಡ್ರೈವರು. ಆಗಿನ್ನೂ ಅವರ ಮದುವೆಯ ಹೊಸತು. ಕೊಂಡವನು ಕಾಗದ ಮಡಚಿ ಪೆಟ್ಟಿಗೆಗೆ ಹಾಕಿ ತನ್ನ ಬಸ್ಸು ಓಡಿಸಲು ಹೋದ. ಅಷ್ಟೇ ಅವನು ಮಾಡಿದ್ದು. ಒಂದು ಷೇರು ಎರಡಾಯಿತು, ಎರಡು ನಾಲ್ಕಾಯಿತು, ಬೋನಸ್ಸು ಬಂತು, ಡಿವಿಡೆಂಡು ಬಂತು, ಆ ಡಿವಿಡೆಂಡೇ ಈಗ ನನ್ನ ಪೆನ್ಷನ್ನಿಗಿಂತ ದಪ್ಪ. ಅವನು ಒಂದು ಕಡ್ಡಿಯನ್ನೂ ಅಲ್ಲಾಡಿಸಲಿಲ್ಲ.

ನಮ್ಮವಳು ಹೋದ ಮೇಲೆ ಪ್ರತಿ ಭಾನುವಾರ ನನ್ನ ಊಟ ಅವರ ಮನೆಯಲ್ಲಿ. ನಿನ್ನೆ ತುತ್ತು ಬಾಯಿಗಿಡುವ ಹೊತ್ತಿಗೆ ಸರಿಯಾಗಿ ಪೇಪರು ಬಿಚ್ಚಿ, "ಅಣ್ಣ, ನಿಮ್ಮ ಕಂಪನಿ ಮತ್ತೆ ಏರಿದೆ," ಅಂದ. ನಿಮ್ಮ ಕಂಪನಿ. ಷೇರು ಅವನದು, ಕಂಪನಿ ನನ್ನದು.

ಮಾರ್ಚ್ ೯, ಭಾನುವಾರ

ಫ್ರಿಜ್ಜಿಗಾಗಿ ಮಾರಿದೆ ಎನ್ನುವುದೂ ಪೂರ್ತಿ ಸರಿಯಲ್ಲ. ಕಂತಿನಲ್ಲಿ ಕೊಡುತ್ತಿದ್ದರು. ಕಂಪನಿ ಮುಳುಗುತ್ತದೆ ಎಂದು ನನಗೆ ಖಾತ್ರಿಯಿತ್ತು. ನನ್ನ ಕೆಲಸ ರಿಜೆಕ್ಷನ್ ಟೇಬಲ್ಲಿನಲ್ಲಿ. ಬೆಳಗ್ಗೆ ಕೂತರೆ ಸಂಜೆಯವರೆಗೆ ಟ್ರೇ ಟ್ರೇ ಬರುತ್ತಿತ್ತು: ಹಲ್ಲು ಉದುರಿದ್ದು, ಅರ್ಧಕ್ಕೆ ಸಿಕ್ಕಿಕೊಳ್ಳುವುದು, ಎಳೆದರೆ ಹಿಡಿಯೇ ಕಿತ್ತು ಕೈಗೆ ಬರುವುದು. ಒಂದೊಂದನ್ನೂ ಎರಡು ಸಲ ಎಳೆದು, ದೋಷ ಏನೆಂದು ಚೀಟಿ ಅಂಟಿಸುವುದು. ಇಂಥ ಮಾಲು ಮಾಡುವ ಕಂಪನಿ ಎಷ್ಟು ದಿನ ನಡೆದೀತು ಎಂದು ಯಾರಿಗಾದರೂ ಅನಿಸುತ್ತದೆ. ಡಿಗ್ರಿ ಓದಿದವನು ನಾನು. ಡ್ರೈವರಿಗೆ ಯಾವ ಚಿಂತೆಯೂ ಇರಲಿಲ್ಲ. ಕಾರ್ಖಾನೆಯ ಗೇಟು ಅವನ ರೂಟಿನಲ್ಲೇ ಬರುತ್ತಿರಲಿಲ್ಲ.

ಇವತ್ತು ಮೂರನೆಯ ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತಾಗ ನಾದಿನಿ ಬಾಗಿಲಲ್ಲೇ ತಡೆದಳು. ಲಿಫ್ಟಿಲ್ಲದ ಕಟ್ಟಡ ಅದು.

"ಭಾವ, ಒಂದ್ನಿಮಿಷ ಇಲ್ಲೇ ನಿಲ್ಲಿ. ಅವರು ಸ್ನಾನಕ್ಕೆ ಹೋಗಿದ್ದಾರೆ."

"ಏನಮ್ಮ, ಗುಟ್ಟಾ?"

"ಗುಟ್ಟೇನಿಲ್ಲ. ಹಿಂದಿನ ಬೀದೀಲಿ ಒಂದು ಮನೆ ಮಾರಾಟಕ್ಕಿದೆ. ನೆಲಮಟ್ಟದ್ದು. ಒಂದು ಮೆಟ್ಟಿಲೂ ಇಲ್ಲ ಭಾವ. ಮನೆಯೋರು ಬೇಸಿಗೆ ಕಳೆಯೋವರೆಗೂ ಕಾಯ್ತೀವಿ ಅಂದಿದ್ದಾರೆ."

"ತಗೊಳ್ಳಿ ಮತ್ತೆ. ನಿಮಗೇನು ಕಮ್ಮಿ?"

"ಷೇರು ಮಾರ್ಬೇಕಲ್ಲ. ಆ ಮಾತೆತ್ತಿದ್ರೆ ಇವರಿಗೆ ಕಿವೀನೇ ಕೇಳಿಸಲ್ಲ. ನೀವು ಒಂದು ಮಾತು ಹೇಳಿ. ನೀವು ಹೇಳಿದ್ರೆ ಮರುಮಾತಾಡಲ್ಲ."

ಅವಳ ಮಂಡಿ ಹೋಗಿ ವರ್ಷವಾಯಿತು. ಮೆಟ್ಟಿಲು ಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಇಳಿಯಲೇಬೇಕಾದಾಗ ಏಣಿ ಇಳಿಯುವವರ ಹಾಗೆ ಮೆಟ್ಟಿಲಿಗೆ ಮುಖ ಮಾಡಿ, ಕಂಬಿ ಹಿಡಿದು, ಹಿಂದುಹಿಂದಾಗಿ ಇಳಿಯುತ್ತಾಳೆ. "ನೋಡೋಣ," ಅಂದೆ. ಒಳಗಿನಿಂದ ಬಚ್ಚಲಿನ ನೀರಿನ ಸದ್ದಿನ ಜೊತೆ ಡ್ರೈವರನ ಸಿಳ್ಳೆ ಕೇಳಿಸುತ್ತಿತ್ತು. ಷೇರು ಏರಿದ ವಾರ ಅವನು ಸಿಳ್ಳೆ ಹಾಕುತ್ತಾನೆ.

ಮಾರ್ಚ್ ೧೨, ಬುಧವಾರ

ಸುಮ್ಮನೆ ವಾಕಿಂಗ್ ಎಂದು ಹೊರಟವನು ಬಸ್ಸು ಹತ್ತಿ, ಮಾರಾಟಕ್ಕಿರುವ ಆ ಮನೆಯ ಮುಂದೆ ಹೋಗಿ ನಿಂತಿದ್ದೆ.

ನೋಡಬಾರದಾಗಿತ್ತು. ಗೇಟಿನಿಂದ ಬಾಗಿಲಿಗೆ ಹತ್ತು ಹೆಜ್ಜೆ ಇರಬಹುದು, ಎರಡೂ ಕಡೆ ಮಣ್ಣು. ಬೀಗದ ಕೈ ಪಕ್ಕದವರ ಹತ್ತಿರವೇ ಇತ್ತು. ಕೊಳ್ಳುವವರಾ ಎಂದು ಕೇಳಿದರು, ಹೂಂ ಅಂದೆ. ನನ್ನ ಬಾಯಿಂದ ಹೇಗೆ ಬಂತೋ. ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತದೆ, ಕಟ್ಟೆಯ ಮೇಲೇ ಬೀಳುತ್ತದೆ. ಫ್ರಿಜ್ಜಿಗೆ ಗೋಡೆಯಲ್ಲೇ ಜಾಗ ಕೊರೆದಿದ್ದಾರೆ. ನಮ್ಮವಳು ಇಡೀ ಆಯುಷ್ಯ ನಮ್ಮ ಕತ್ತಲೆ ಅಡುಗೆಮನೆಯಲ್ಲಿ ಹಗಲಲ್ಲೂ ದೀಪ ಹಾಕಿಕೊಂಡು ತರಕಾರಿ ಹೆಚ್ಚಿದಳು. ಅವಳ ತಂಗಿ ಈ ಕಟ್ಟೆಯ ಮೇಲೆ ಹೆಚ್ಚುತ್ತಾಳೆ. ಯಾರ ಷೇರಿನಿಂದ?

ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರು ಜೆಲಸಿ ಬೇರೆ, ಎನ್ವಿ ಬೇರೆ ಎಂದು ಒಂದು ಪೀರಿಯಡ್ ಪೂರ್ತಿ ಹೇಳಿದ್ದರು. ಒಂದು, ನಮ್ಮಲ್ಲಿರುವುದು ಎಲ್ಲಿ ಹೋದೀತೋ ಎನ್ನುವ ಉರಿ. ಇನ್ನೊಂದು, ಪಕ್ಕದವನಲ್ಲಿರುವುದು ನಮಗಿಲ್ಲವಲ್ಲ ಎನ್ನುವ ಉರಿ. ಯಾವುದು ಯಾವುದೆಂದು ಮರೆತಿದ್ದೇನೆ. ಕನ್ನಡದಲ್ಲಿ ಎರಡಕ್ಕೂ ಹೊಟ್ಟೆಯೇ ಉರಿಯುವುದು.

ಮನೆಗೆ ಬಂದು ಕೂತ ಮೇಲೆ ಒಂದು ಹೊಳೆಯಿತು. ಇಷ್ಟು ವರ್ಷ ನಾನು ಹೇಗೋ ತಡೆದುಕೊಂಡದ್ದು ಏಕೆಂದರೆ ಅವನು ಮಾರಲಿಲ್ಲ. ಮಾರದಿದ್ದರೆ ಅದು ಪೇಪರಿನ ಮೂಲೆಯಲ್ಲಿರುವ ಒಂದು ಅಂಕಿ. ಅವನ ಅಂಗಿಯ ಕಾಲರೂ ಸವೆದಿದೆ, ನನ್ನದೂ ಸವೆದಿದೆ. ಅವನೂ ಮೆಟ್ಟಿಲು ಹತ್ತುತ್ತಾನೆ. ಮಾರಿದ ದಿನ ಆ ಅಂಕಿಗೆ ಬಾಗಿಲು, ಕಿಟಕಿ, ಬಿಸಿಲು ಎಲ್ಲ ಬರುತ್ತದೆ. ಪ್ರತಿ ಭಾನುವಾರ ನಾನು ಅದರೊಳಗೆ ಕೂತು ಊಟ ಮಾಡಬೇಕು.

ಮಾರ್ಚ್ ೨೩, ಭಾನುವಾರ

ಹೇಳಿದೆ. ಕೇಳಿದ್ದಕ್ಕೆ ಹೇಳಿದೆ, ನಾನಾಗಿ ಬಾಯಿ ಹಾಕಲಿಲ್ಲ.

ಊಟವಾದ ಮೇಲೆ ಅವನೇ ತೆಗೆದ. "ಅಣ್ಣ, ಇವಳದ್ದು ಒಂದೇ ರಾಗ, ಮಾರಿ ಮಾರಿ ಅಂತ. ನೀವು ಒಳಗಿದ್ದೋರು. ಏನ್ಮಾಡ್ಲಿ ಹೇಳಿ."

ನಾದಿನಿ ಚಹಾ ಬಗ್ಗಿಸುತ್ತಿದ್ದವಳು ಕೈ ತಡೆದು ನನ್ನ ಕಡೆ ನೋಡಿದಳು. ನಾನು ಕಪ್ಪಿನ ಕಡೆ ನೋಡಿದೆ.

"ಇಟ್ಕೊಳ್ಳಿ," ಅಂದೆ. "ಲಾಂಗ್ ಟರ್ಮ್ ಅಂದ್ರೆ ಲಾಂಗ್ ಟರ್ಮು. ಇನ್ನೂ ಏರುತ್ತೆ."

ಅವನು ತೊಡೆ ತಟ್ಟಿದ. "ಕೇಳಿಸ್ತೇನೇ? ಆವತ್ತೂ ಅಣ್ಣ ಇದನ್ನೇ ಹೇಳಿದ್ದು. ಕಾಗದ ಕೈಗೆ ಕೊಡುವಾಗ, ಪಕ್ಕದಲ್ಲಿ ನಿಮ್ಮಕ್ಕನೂ ಇದ್ರು, 'ಡ್ರೈವರೇ, ಯಾರೇನೇ ಹೇಳಲಿ ಇದನ್ನ ಮಾತ್ರ ಮಾರಬೇಡಿ' ಅಂದ್ರು. ಅದೊಂದೇ ಮಾತು ಹಿಡ್ಕೊಂಡು ಕೂತಿದ್ದೀನಿ ನಾನು. ನನಗೆ ಷೇರು ಪಾರು ಏನು ಗೊತ್ತು?"

ನಾನು ಹಾಗೆ ಹೇಳಿದ್ದೆನೇ? ಹೇಳಿರಬಹುದು. ಹಳೇ ಸೈಕಲ್ಲು ಮಾರುವವನೂ ಚೆನ್ನಾಗಿ ಓಡುತ್ತೆ ಅಂತಲೇ ಹೇಳುತ್ತಾನೆ. ಕೊಂಡವನು ಎದ್ದು ಹೋಗುವವರೆಗೆ ಹೇಳುವ ಮಾತು ಅದು. ಇವನು ಅದನ್ನು ಇಟ್ಟುಕೊಂಡು ಶ್ರೀಮಂತನಾಗಿದ್ದಾನೆ. ನನ್ನ ಬಾಯಿಮಾತಿಗೆ ನಾನೇ ಬೆಲೆ ಕೊಟ್ಟಿದ್ದರೆ ಎಂದು ಬಸ್ಸಿನಲ್ಲಿ ಬರುತ್ತ ಯೋಚಿಸಿದೆ, ಸ್ಟಾಪು ತಪ್ಪಿ ಮುಂದೆ ಹೋಗಿದ್ದೆ.

ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ. ಅವಳು ಮರೆಯುವವಳಲ್ಲ.

ಮಾರ್ಚ್ ೨೭, ಗುರುವಾರ

ಷೇರು ಏರಿದೆ. ಫ್ರಿಜ್ಜು ಗೊರಗೊರ. ಇನ್ನೇನೂ ಇಲ್ಲ.

ಮಾರ್ಚ್ ೩೦, ಭಾನುವಾರ

ಹೋಗುವುದೋ ಬೇಡವೋ ಎಂದುಕೊಂಡೇ ಹೋದೆ. ಕಟ್ಟಡದ ಕೆಳಗೆ ತರಕಾರಿ ಗಾಡಿಯವನು ಕತ್ತೆತ್ತಿ ನಿಂತಿದ್ದ. ಮೇಲಿನಿಂದ ಹಗ್ಗಕ್ಕೆ ಕಟ್ಟಿದ ಒಂದು ಬುಟ್ಟಿ ಇಳಿಯಿತು. ಮೂರನೆಯ ಮಹಡಿಯ ಕಿಟಕಿಯಲ್ಲಿ ನಾದಿನಿಯ ಮುಖ. "ಎಳೇ ಬೀನ್ಸ್ ಹಾಕಪ್ಪ, ಬಲಿತದ್ದು ಹಾಕಬೇಡ, ಕಾಣಿಸುತ್ತೆ ನನಗೆ." ಅವನು ನಗುತ್ತ ಬಲಿತದ್ದನ್ನು ತೆಗೆದು ಬೇರೆ ಹಾಕಿದ.

"ನಮ್ಮವಳು ಈಗ ಮಹಡಿ ರಾಣಿ, ಕೆಳಗೆ ಕಾಲಿಡಲ್ಲ," ಎಂದು ಡ್ರೈವರ್ ನಕ್ಕ. ನಾನೂ ನಕ್ಕೆ. ಅವಳು ನಗಲಿಲ್ಲ. ಇಳಿದು ತಿಂಗಳ ಮೇಲಾಯಿತಂತೆ.

ಊಟವಾಗಿ ಅವನು ಕುರ್ಚಿಯಲ್ಲೇ ತೂಕಡಿಸಿದ ಮೇಲೆ ಅವಳು ನನ್ನೆದುರು ಕೂತು ಬೀನ್ಸ್ ಬಿಡಿಸುತ್ತ, "ಭಾವ, ಆ ಸ್ಟೇಷನರಿ ಅಂಗಡಿ ಮುಚ್ಚಿದ್ರಂತೆ. ಅಲ್ಲೇನು ಬಂದಿದೆ?" ಅಂದಳು.

"ಅಲ್ಲಾ? ಕನ್ನಡಕದ ಅಂಗಡಿ."

"ಬೋರ್ಡ್ ಯಾವ ಬಣ್ಣ?"

ಬೋರ್ಡಿನ ಬಣ್ಣ ನೋಡಿರಲಿಲ್ಲ. ನೀಲಿ ಎಂದು ಸುಳ್ಳು ಹೇಳಿದೆ. ಆಮೇಲೆ ಅವಳು ಒಂದೊಂದಾಗಿ ಕೇಳುತ್ತ ಹೋದಳು. ಮೂಲೆಯ ಮರ ಕಡಿದರಾ? ಕಡಿದರು. ಹಾಲಿನ ಬೂತಿನಲ್ಲಿ ಆ ಕೋಪಿಷ್ಠ ಹುಡುಗಿ ಇನ್ನೂ ಇದ್ದಾಳಾ? ಇದ್ದಾಳೆ, ಮದುವೆಯಾಗಿರಬೇಕು, ಕೋಪ ಕಮ್ಮಿಯಾಗಿದೆ. ಪಾರ್ಕಿನ ಬೆಂಚಿಗೆ ಬಣ್ಣ ಹೊಡೆದಿದ್ದಾರಾ? ಆ ಬೀದಿಯ ಬಗ್ಗೆ ನನಗೆ ಇಷ್ಟು ಗೊತ್ತಿದೆ ಎಂದು ನನಗೇ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಕಟ್ಟಿ ಹೇಳಿದೆ. ಅವಳು ಕಣ್ಣು ಸಣ್ಣಗೆ ಮಾಡಿ ಕೇಳುವ ರೀತಿ ಥೇಟ್ ಅಕ್ಕನದೇ. ಸುಳ್ಳು ಬಂದ ಕಡೆ ಬೀನ್ಸಿನ ನಾರು ಎಳೆಯುವ ಕೈ ನಿಲ್ಲುತ್ತಿತ್ತು, ಆಮೇಲೆ ಮುಂದಿನ ಪ್ರಶ್ನೆ. ಆ ಮನೆಯ ಮಾತನ್ನು ಮಾತ್ರ ಎತ್ತಲಿಲ್ಲ.

ಬರುವಾಗ ಕನ್ನಡಕದ ಅಂಗಡಿಯ ಮುಂದೆ ನಿಂತು ನೋಡಿದೆ. ಬೋರ್ಡು ಹಳದಿ.

ಏಪ್ರಿಲ್ ೧೧, ಶುಕ್ರವಾರ

ಇವತ್ತು ಕಂಪನಿಯ ವಾರ್ಷಿಕ ಸಭೆ. ಷೇರುದಾರರಿಗೆ ಮಾತ್ರ ಪ್ರವೇಶ. ಡ್ರೈವರಿಗೆ ಶೀತ, "ಅಣ್ಣ, ನಿಮ್ಮ ಕಂಪನಿ, ನೀವೇ ಹೋಗಿಬನ್ನಿ," ಎಂದು ಪ್ರಾಕ್ಸಿ ಬರೆದುಕೊಟ್ಟಿದ್ದ. ಕಾಲೇಜಿನಲ್ಲಿ ಗೆಳೆಯರು ಸಿನಿಮಾಕ್ಕೆ ಹೋದಾಗ ಅವರ ನಂಬರಿಗೆ ಎಸ್ ಸಾರ್ ಅನ್ನುವುದಕ್ಕೆ ನಾವು ಪ್ರಾಕ್ಸಿ ಎನ್ನುತ್ತಿದ್ದೆವು. ಬಾಗಿಲಲ್ಲಿ ಒಬ್ಬ ಹುಡುಗಿ ಎದೆಗೆ ಒಂದು ಬಿಲ್ಲೆ ಚುಚ್ಚಿದಳು. ದುಡಿದವನು ನಾನು, ಬಿಲ್ಲೆಯ ಮೇಲೆ ಹೆಸರು ಷಡ್ಡಕನದು. ನಮ್ಮವಳಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ಒಳಗೆ ಸಿಕ್ಕವನು ಗೋಂದು. ಸ್ಟೋರಿನಲ್ಲಿದ್ದ, ಹಿಡಿದರೆ ಬಿಡದೆ ಮಾತಾಡುವವನಾದ್ದರಿಂದ ಆ ಹೆಸರು. ಕಣ್ಣು ಮಂಜು, ಬಿಲ್ಲೆ ಓದಲಿಲ್ಲ. "ನೀನೂ ಹಿಡ್ಕೊಂಡಿದ್ದೀಯಾ? ಭಲೇ. ನಾವೆಲ್ಲ ನೀನು ಮಾರಿಬಿಟ್ಟೆ ಅಂದ್ಕೊಂಡಿದ್ವಲ್ಲೋ."

"ಮಾರ್ತೀನಾ?" ಅಂದೆ. ನಿಜ ಹೇಳುತ್ತೇನೆ, ಸಭೆ ಮುಗಿಯುವವರೆಗೆ ನಾನು ಮಾರದವನಾಗಿ ಕೂತಿದ್ದೆ. ಬಹಳ ಸುಖವಾಗಿತ್ತು. ಕಾಲ ಮೇಲೆ ಕಾಲು ಹಾಕಿಕೊಂಡಿದ್ದೆ.

"ನೀನೇನು ಮಾಡ್ದೆ ಅದರಿಂದ?" ಎಂದು ಕೇಳಿದೆ.

"ಮಾಡೋದೇನು? ಇದೆ."

"ಮಾರಿ ಕಣ್ಣಿನ ಆಪರೇಷನ್ ಮಾಡಿಸ್ಕೋಬಾರದಾ?"

"ಮಾರಿದ್ರೆ ಇಲ್ಲಿಗೆ ಯಾರು ಕರೀತಾರೆ? ಚೀಲ ಯಾರು ಕೊಡ್ತಾರೆ?" ಹೊರಟವರಿಗೆಲ್ಲ ಕಂಪನಿ ಒಂದೊಂದು ಚೀಲ ಕೊಡುತ್ತದೆ. ಗೋಂದುವಿನ ಮನೆಯಲ್ಲಿ ಅಂಥವು ಒಂದು ಅಲಮಾರಿ ತುಂಬ ಇವೆಯಂತೆ.

ಸುತ್ತ ನೋಡಿದೆ. ಎಲ್ಲ ನಮ್ಮ ವಯಸ್ಸಿನವರೇ. ಕೋಲು, ಕಿವಿಯ ಮಿಷನ್ನು, ತೇಪೆ ಹಾಕಿದ ಕೋಟು. ವೇದಿಕೆಯ ಮೇಲೆ ಅಂಕಿ ಓದಿದಾಗಲೆಲ್ಲ ಮೊಮ್ಮಗನಿಗೆ ರ‍್ಯಾಂಕ್ ಬಂದ ಹಾಗೆ ಚಪ್ಪಾಳೆ. ಮುಗಿದ ಮೇಲೆ ಅಷ್ಟೂ ಜನ ಲಿಫ್ಟಿನ ಮುಂದೆ ಸಾಲು. ಮೆಟ್ಟಿಲ ಕಡೆ ಒಬ್ಬರೂ ತಿರುಗಲಿಲ್ಲ, ತಿರುಗುವ ಕಾಲು ಒಬ್ಬರಿಗೂ ಇರಲಿಲ್ಲ. ಕೋಟಿ ಇಟ್ಟುಕೊಂಡವರೆಲ್ಲ ಮಂಡಿ ನೀವಿಕೊಳ್ಳುತ್ತ ನಿಂತಿದ್ದರು.

ಹಜಾರದಲ್ಲಿ ಕಂಪನಿಯ ಮಾಲನ್ನೆಲ್ಲ ಹಲಗೆಗಳ ಮೇಲೆ ಜೋಡಿಸಿದ್ದರು. ಶಾಲೆಯ ಚೀಲದ್ದು, ಮಳೆಯಂಗಿಯದು, ಮಗುವಿನ ಸ್ವೆಟರಿನದು. ಲಿಫ್ಟು ಬರುವವರೆಗೆ ಒಂದೊಂದನ್ನೂ ಎರಡೆರಡು ಸಲ ಎಳೆದೆ. ಕಾವಲಿನವನು, "ಮುಟ್ಟಬೇಡಿ ಯಜಮಾನ್ರೇ," ಅಂದ. ಒಂದೂ ಸಿಕ್ಕಿಕೊಳ್ಳಲಿಲ್ಲ. ಸ್ವಲ್ಪ ನಿರಾಸೆಯಾಯಿತು. ಇವು ಯಾವುವೂ ನನ್ನ ಟೇಬಲ್ಲಿಗೆ ಬಂದೇ ಇರಲಿಲ್ಲ.

ಏಪ್ರಿಲ್ ೧೩, ಭಾನುವಾರ

ಮೆಟ್ಟಿಲು ಹತ್ತುವಾಗ ಇನ್ನೂ ನಿರ್ಧಾರವಾಗಿರಲಿಲ್ಲ. ಎರಡನೆಯ ಮಹಡಿಯಲ್ಲಿ ಉಸಿರಿಗೆ ನಿಂತಾಗಲೂ ಇಲ್ಲ. ಬಾಗಿಲು ತೆಗೆದವಳು, "ಬನ್ನಿ ಭಾವ, ಪಾರ್ಕಿನಲ್ಲಿ ಹೂ ಬಿಟ್ಟಿದೆಯಾ?" ಅಂದಳು. ನೋಡಿಕೊಂಡೇ ಬಂದಿದ್ದೆ. ಬಿಟ್ಟಿದೆ ಅಂದೆ. ಒಳಗೆ ಹೋಗಿ, ಚಪ್ಪಲಿಯನ್ನೂ ಬಿಡದೆ, "ಡ್ರೈವರೇ, ಮಾರಿಬಿಡಿ," ಅಂದೆ.

ಅವನು ಸೀನು ತಡೆದ. "ಏನಾಯ್ತು ಅಣ್ಣ? ಸಭೇಲಿ ಏನಾದ್ರೂ ಕೆಟ್ಟ ಸುದ್ದಿನಾ?"

"ಕಂಪನಿ ಗಟ್ಟಿಯಾಗಿದೆ. ಮಾರಿ, ಆ ಮನೆ ತಗೊಳ್ಳಿ."

"ಮೊನ್ನೆ ಇಟ್ಕೊಳ್ಳಿ ಅಂದ್ರಿ."

"ಅಂದೆ."

"ಇವತ್ತು ಮಾರಿ ಅಂತೀರಿ. ನಿಮ್ಮ ಯಾವ ಮಾತು ನಂಬಲಿ ನಾನು?" ಧ್ವನಿಯಲ್ಲಿ ಕೋಪಕ್ಕಿಂತ ಗಾಬರಿ ಇತ್ತು. "ಸ್ಟಾಪ್ ಬರೋಕೆ ಮುಂಚೆ ಎದ್ದು ಬಾಗಿಲಿಗೆ ಜೋತು ಬೀಳೋರನ್ನ ಕಂಡ್ರೆ ನನಗಾಗಲ್ಲ. ಬಸ್ಸು ನಿಲ್ಲೋವರೆಗೂ ಕೂತಿರಬೇಕು."

"ನಿಂತಾಗಿದೆ ಕಣ್ರೀ. ನಿಂತು ಎಷ್ಟೋ ಹೊತ್ತಾಯ್ತು. ನೀವು ಪ್ಯಾಸೆಂಜರನ್ನ ಕೂರಿಸ್ಕೊಂಡೇ ಡಿಪೋಗೆ ಹೋಗ್ತಿದ್ದೀರಿ." ಅವಳ ಕಡೆ ಕೈ ತೋರಿಸಿದೆ.

ಅವನು ಅವಳನ್ನು ನೋಡಿದ. ಅವಳು ನೆಲ ನೋಡಿದಳು. ಅವನು ನನ್ನ ಕಡೆ ತಿರುಗಿ ಕೇಳಿದ, "ಮಾರಿದ ಮೇಲೆ ಇನ್ನೂ ಏರಿದ್ರೆ?"

"ಏರುತ್ತೆ. ನೀವು ಮಾರಿದ ಮಾರನೇ ದಿನವೇ ಏರುತ್ತೆ. ಹೊಟ್ಟೆ ಉರಿಯುತ್ತೆ. ಹೇಗೆ ಉರಿಯುತ್ತೆ ಅಂತ ನನ್ನ ಕೇಳಿ, ಹೇಳ್ತೀನಿ."

"ನಿಮಗೆ ಉರಿದಿದೆಯಾ ಅಣ್ಣ?" ಎಂದು ಎಷ್ಟು ಮುಗ್ಧವಾಗಿ ಕೇಳಿದನೆಂದರೆ, ಇಷ್ಟು ವರ್ಷ ಪೇಪರು ಓದಿ ಹೇಳಿದ್ದು ನನಗೆ ಖುಷಿಯಾಗಲಿ ಎಂದೇ ಇರಬೇಕು.

"ಇಲ್ಲದೆ ಮತ್ತೆ."

"ತಡ್ಕೊಳ್ಳೋಕಾಗುತ್ತಾ?"

"ಆಗುತ್ತೆ. ಊಟಾನೂ ಸೇರುತ್ತೆ. ಪ್ರತಿ ಭಾನುವಾರ ನೋಡ್ತಿಲ್ವಾ?"

ಮೊದಲು ನಕ್ಕವಳು ನಾದಿನಿ. ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ನಗಲಿಲ್ಲ, ಒಂದು ಸಲ ನನ್ನ ಮೊಣಕೈ ಮುಟ್ಟಿ, ಮೂಗು ಸೀಟಲು ಒಳಗೆ ಹೋದ.

ಚಹಾಕ್ಕೆ ಎರಡು ಸಲ ಸಕ್ಕರೆ ಬಿದ್ದಿತ್ತು. ಕುಡಿದೆ.

ಜೂನ್ ೧೫, ಭಾನುವಾರ

ಮನೆ ಬದಲಾಯಿಸಿದರು. ನಾನು ಪಾತ್ರೆಯ ಪೆಟ್ಟಿಗೆ ಹೊತ್ತೆ, ಬೆನ್ನು ಹಿಡಿದಿದೆ. ಅಡುಗೆಮನೆಯ ಕಟ್ಟೆಗೆ ನಾನು ಆವತ್ತು ಕಂಡದ್ದಕ್ಕಿಂತ ಹೆಚ್ಚು ಬಿಸಿಲು ಬೀಳುತ್ತದೆ. ನೋಡಲಾಗದೆ ಹೊರಗೆ ಬಂದು ಗೇಟಿನ ಚಿಲಕಕ್ಕೆ ಎಣ್ಣೆ ಹಾಕಿದೆ.

ಷೇರು ನಾನು ಹೇಳಿದ ಹಾಗೇ ಏರಿತು. ಡ್ರೈವರ್ ಸಿಳ್ಳೆ ನಿಲ್ಲಿಸಿದ್ದಾನೆ. ಒಂದೇ ಒಂದು ಷೇರು ಮಾರದೆ ಉಳಿಸಿಕೊಂಡಿದ್ದಾನಂತೆ, ಸಭೆಗೆ ಕರೆಯಲಿ ಎಂದು. "ಹೋದ್ರೆ ನಾವಿಬ್ರೂ ಹೋಗೋಣ ಅಣ್ಣ, ಒಂದು ಚೀಲ ಬರುತ್ತೆ," ಅಂದ. ಇಬ್ಬರನ್ನು ಬಿಡುವುದಿಲ್ಲ ಎಂದು ನಾನು ಹೇಳಲಿಲ್ಲ.

ಜುಲೈ ೨೭, ಭಾನುವಾರ

ಇವತ್ತು ಹೋದಾಗ ಅಂಗಳದಲ್ಲಿ ಕೂತು ಪೇಪರಿನ ಆ ಮೂಲೆಯನ್ನೇ ನೋಡುತ್ತಿದ್ದ. ಮುಖ ಇಳಿದಿತ್ತು. "ಮತ್ತೆ ಏರಿದೆ ಅಣ್ಣ. ಹೀಗೇನಾ ಇಷ್ಟು ವರ್ಷ ನಿಮಗೆ?" ಅಂದ. ಈ ಮುಖವನ್ನು ಒಂದು ದಿನ ನೋಡಬೇಕು ಎಂದು ಎಷ್ಟು ಭಾನುವಾರ ಅಂದುಕೊಂಡಿದ್ದೆನೋ. ಪೇಪರು ಕಿತ್ತುಕೊಂಡು ಮಡಚಿ ಅದರ ಮೇಲೆ ಕೂತುಬಿಟ್ಟೆ. ಊಟದವರೆಗೂ ಏಳಲಿಲ್ಲ. ಅವನ ರೂಟಿನ ಹಳೆಯ ಕಥೆಗಳನ್ನು ಕೇಳಿದೆ, ಒಂದೆರಡು ಚೆನ್ನಾಗಿಯೇ ಇವೆ. ಬ್ರೇಕ್ ಹಾಕಿದಾಗ ನಿಂತವರು ಬೀಳದ ಹಾಗೆ ಹಾಕುವುದು ಹೇಗೆಂದು ಕಾಲಿನಲ್ಲೇ ತೋರಿಸಿದ. ಇಷ್ಟು ವರ್ಷ ಇವನ್ನು ಯಾಕೆ ಹೇಳಿರಲಿಲ್ಲವೋ. ಹೇಳಿದ್ದನೋ ಏನೋ.

ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಂಜೆ ಹೊರಟಾಗ ನಾದಿನಿ ಗೇಟಿನವರೆಗೆ ಬಂದಳು. ನಿಧಾನ, ಆದರೆ ಏನನ್ನೂ ಹಿಡಿದುಕೊಳ್ಳದೆ, ಮುಖ ಮುಂದಕ್ಕೆ. ಕನ್ನಡಕದ ಅಂಗಡಿಯನ್ನು ತಾನೇ ಹೋಗಿ ನೋಡಿ ಬಂದಳಂತೆ. "ಹಳದಿ ಭಾವ, ನೀಲಿ ಅಲ್ಲ," ಅಂದಳು. ಒಳಗಿನಿಂದ ಡ್ರೈವರ್ ಕೂಗಿದ, "ಚಪ್ಪಲಿ ಹಾಕ್ಕೊಂಡು ಹೋಗೇ, ನೆಲ ತಣ್ಣಗಿದೆ."

"ಹಾಕ್ಕೊಂಡಿದ್ದೀನಿ ಕಣ್ರೀ."

ಹಾಕಿಕೊಂಡಿರಲಿಲ್ಲ. ಬರಿಗಾಲಿನಲ್ಲಿ ನಿಂತು ನನ್ನ ಕಡೆ ನೋಡಿ, ಹೇಳಬೇಡಿ ಎನ್ನುವ ಹಾಗೆ ಕಣ್ಣು ಮಿಟುಕಿಸಿದಳು. ಅವನಿಗೂ ಗೊತ್ತಿತ್ತು. "ಸುಳ್ಳಿ," ಎಂದು ಒಳಗೇ ಗೊಣಗಿದ್ದು ನನಗೆ ಕೇಳಿಸಿತು. ಇಷ್ಟೇ ನಡೆದದ್ದು. ಆ ಕಂಪನಿ ಎಷ್ಟೇ ಏರಿದಾಗಲೂ ನನಗೆ ಇಷ್ಟು ಉರಿದಿರಲಿಲ್ಲ. ಬೀದಿಯ ತಿರುವಿನವರೆಗೆ ಅದು ಹಾಗೇ ಇತ್ತು. ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಅವಳು ಇನ್ನೂ ಗೇಟಿನಲ್ಲೇ ನಿಂತಿದ್ದಳು, ಪಕ್ಕದಲ್ಲಿ ಅವನು ಬಗ್ಗಿ ಅವಳ ಕಾಲ ಬಳಿ ಚಪ್ಪಲಿ ಇಡುತ್ತಿದ್ದ. ಕೈ ಎತ್ತಿದೆ. ಅವರೂ ಎತ್ತಿದರು.

ದೀಪ ಹಾಕದೆ ಬರೆದ ಸಾಲುಗಳು ಪುಟದಲ್ಲಿ ಒಂದರ ಮೇಲೊಂದು ಹತ್ತುತ್ತಿರುವುದನ್ನು ಈಗ ಕಂಡೆ. ಕಿಟಕಿಯಲ್ಲಿ ಬೆಳಕು ಹೋಗುತ್ತಿದೆ.